ಮೂರನೇ ‘ಫ್ರೋಜನ್’ ಬರುವ ತನಕ: ಯಾವ ಮಗುವಿಗೆ ಯಾವ ರಾಜಕುಮಾರಿ?

‘ಫ್ರೋಜನ್ 3’ ಅನ್ನು 2027ರ ನವೆಂಬರ್ 24ಕ್ಕೆ ತೆರೆಗೆ ತರುವುದಾಗಿ ಡಿಸ್ನಿ ಘೋಷಿಸಿದ ಮೇಲೆ, ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಎರಡು ಪ್ರಶ್ನೆ ಎದ್ದಿವೆ. ಅಲ್ಲಿಯ ತನಕ ಮಗುವಿಗೆ ಏನು ತೋರಿಸೋಣ? ಬಂದ ಮೇಲೆ ಥಿಯೇಟರಿಗೇ ಹೋಗೋಣವೇ, ಮನೆಯ ಟಿವಿಗೆ ಬರುವವರೆಗೆ ಕಾಯೋಣವೇ? ರಾಜಕುಮಾರಿಯರ ಅನಿಮೇಷನ್ ಸಿನಿಮಾಗಳಿಗೆ ಬರವಿಲ್ಲ. 1937ರ ‘ಸ್ನೋ ವೈಟ್’ನಿಂದ ಹಿಡಿದು ಜಪಾನಿನ ಗಿಬ್ಲಿ ಸ್ಟುಡಿಯೋದವರೆಗೆ ರಾಶಿಯೇ ಇದೆ. ಕಷ್ಟ ಇರುವುದು ಆಯ್ಕೆಯಲ್ಲಿ. ‘ಫ್ರೋಜನ್’ನಲ್ಲಿ ಕೈಯಿಂದ ಹಿಮ ಸೃಷ್ಟಿಸುವ ಎಲ್ಸಾಳ ನೀಲಿ ಫ್ರಾಕು ಮಗುವಿಗೆ ಇಷ್ಟ ಅಂದ ಮಾತ್ರಕ್ಕೆ ಎಲ್ಸಾಳ ಕಥೆ ಆ ಮಗುವಿನ ವಯಸ್ಸಿಗೆ ಹೊಂದುತ್ತದೆ ಎನ್ನಲಾಗದು. ಆಯ್ಕೆ ಮಾಡುವಾಗ ನೋಡಬೇಕಾದ್ದು ಮಗುವನ್ನು.

ಮೊದಲು ನೋಡಿಕೊಳ್ಳಬೇಕಾದ್ದು

ಒಂದು, ಮಗು ಎಷ್ಟು ಹೊತ್ತು ಕೂರುತ್ತದೆ ಎಂಬುದು. 1950ರ ‘ಸಿಂಡ್ರೆಲಾ’ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ, ‘ಮೋವಾನಾ’ 107 ನಿಮಿಷ. ಈ ಅರ್ಧ ಗಂಟೆಯ ವ್ಯತ್ಯಾಸ ನಾಲ್ಕು ವರ್ಷದ ಮಗುವಿಗೆ ಬಹಳ ದೊಡ್ಡದು.

ಎರಡನೆಯದು ಹೆದರಿಕೆ. ಇದರಲ್ಲಿ ಎರಡು ಬಗೆ. ಕೆಲವು ಮಕ್ಕಳಿಗೆ ಕಣ್ಣಿಗೆ ಕಾಣುವುದರ ಭಯ: ಕರಡಿ, ಕತ್ತಲು, ಜೋರು ಸದ್ದು. ಇನ್ನು ಕೆಲವಕ್ಕೆ ಅಗಲಿಕೆಯ ಭಯ: ಅಪ್ಪ ಅಮ್ಮ ಹೋದವರು ಬಾರದಿರುವುದು, ಮುಚ್ಚಿದ ಬಾಗಿಲು, ನಂಬಿದವರ ಮೋಸ. ಮೊದಲ ಬಗೆಯ ಮಗು ಕಿರುಚಿ ಮಡಿಲಿಗೆ ಬರುತ್ತದೆ, ಹತ್ತು ನಿಮಿಷಕ್ಕೆ ಮರೆತು ಆಟಕ್ಕೆ ಹೋಗುತ್ತದೆ. ಎರಡನೆಯ ಬಗೆಯ ಮಗು ಸಿನಿಮಾ ನೋಡುವಾಗ ಸುಮ್ಮನಿರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ‘ಅಮ್ಮಾ, ನೀನೂ ಹಡಗಲ್ಲಿ ಹೋಗ್ತೀಯಾ?’ ಎಂದು ಕೇಳುತ್ತದೆ. ‘ಯು’, ‘ಯು/ಎ 7+’ ಎಂಬ ಪ್ರಮಾಣಪತ್ರಗಳು ವಯಸ್ಸನ್ನು ಹೇಳುತ್ತವೆಯೇ ಹೊರತು ಇದನ್ನು ಹೇಳುವುದಿಲ್ಲ. ನಿಮ್ಮ ಮಗು ಯಾವ ಬಗೆ ಎಂಬುದು ನಿಮಗೇ ಗೊತ್ತಿರಬೇಕು.

ಮೂರನೆಯದು ಭಾಷೆ, ನಾಲ್ಕನೆಯದು ಖರ್ಚು. ಇವುಗಳ ಮಾತು ಮುಂದೆ ಬರುತ್ತದೆ. ಕೊನೆಯದು ನಿಮ್ಮ ಉದ್ದೇಶ: ಮೂರನೇ ಭಾಗಕ್ಕೆ ಮಗುವನ್ನು ಸಿದ್ಧಮಾಡಬೇಕೇ, ಅಥವಾ ಒಳ್ಳೆಯದೊಂದು ಸಿನಿಮಾ ತೋರಿಸಿದರೆ ಸಾಕೇ? ಮೊದಲನೆಯದಾದರೆ ಫ್ರೋಜನ್‌ನ ಎರಡೂ ಭಾಗ ನೋಡಲೇಬೇಕು. ಎರಡನೆಯದಾದರೆ ಫ್ರೋಜನ್‌ಗಿಂತ ಹೊಂದುವ ಸಿನಿಮಾಗಳು ಇವೆ.

ಫ್ರೋಜನ್ ಒಂದು ಮತ್ತು ಎರಡು

2013ರ ಮೊದಲ ಭಾಗ 102 ನಿಮಿಷ. ಐದು ವರ್ಷದ ಮಗುವಿಗೆ ಸಾಮಾನ್ಯವಾಗಿ ಹಿಡಿಸುತ್ತದೆ, ಆದರೆ ಶುರುವಿನಲ್ಲೇ ಎರಡು ಕಠಿಣ ಜಾಗಗಳಿವೆ. ಆಟವಾಡುತ್ತಾ ಎಲ್ಸಾಳ ಮಂಜಿನ ಏಟು ಪುಟ್ಟ ತಂಗಿ ಆನಾಳ ತಲೆಗೆ ತಗುಲಿ ಅವಳು ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಅದಾಗಿ ಸ್ವಲ್ಪವೇ ಹೊತ್ತಿಗೆ ಅಪ್ಪ ಅಮ್ಮ ಇದ್ದ ಹಡಗು ಸಮುದ್ರದ ಪಾಲಾಗುತ್ತದೆ. ಇದೆಲ್ಲ ನಡೆಯುವುದು ಒಂದು ಹಾಡಿನ ಆಸುಪಾಸಿನಲ್ಲಿ. ಮುಚ್ಚಿದ ಬಾಗಿಲನ್ನು ಆನಾ ತಟ್ಟುತ್ತಾಳೆ, ಹಾಡು ಸಾಗಿದಂತೆ ಅವಳು ಬೆಳೆಯುತ್ತಾಳೆ, ಬಾಗಿಲು ತೆರೆಯುವುದಿಲ್ಲ. ಕೊನೆಗೆ ಬಾಗಿಲಿನ ಈಚೆ ಬದಿಗೆ ಬೆನ್ನು ಕೊಟ್ಟು ತಂಗಿ ಕೂತಿದ್ದಾಳೆ, ಆಚೆ ಬದಿಗೆ ಅಕ್ಕ. ಅಕ್ಕನ ಕೋಣೆಯ ತುಂಬ ಹಿಮ. ಅಗಲಿಕೆಗೆ ಹೆದರುವ ಮಗುವಿಗೆ ಇಡೀ ಸಿನಿಮಾದಲ್ಲಿ ಕಷ್ಟದ ಜಾಗ ಇದೇ. ಮುಂದೆ ಬರುವ ತೋಳಗಳಾಗಲಿ, ಹಿಮದ ದೈತ್ಯನಾಗಲಿ ಇಷ್ಟು ಕಾಡುವುದಿಲ್ಲ. ಈ ಹಾಡಿನ ಹೊತ್ತಿಗೆ ಮಗು ನಿಮ್ಮ ಪಕ್ಕದಲ್ಲಿರಲಿ, ನೀವು ಅಡುಗೆಮನೆಯಲ್ಲಿರಬೇಡಿ.

ಒಂದೇ ಸಲಕ್ಕೆ ನೋಡಲಾಗದ ಮಕ್ಕಳಿಗೆ ಎರಡು ದಿನ ಮಾಡಬಹುದು. ಸುಮಾರು ಅರ್ಧ ಗಂಟೆ ದಾಟಿದ ಮೇಲೆ ಎಲ್ಸಾ ಬೆಟ್ಟದ ಮೇಲೆ ಹಿಮದ ಅರಮನೆ ಕಟ್ಟುವ ಹಾಡು ಮುಗಿಯುತ್ತದೆ. ಅಲ್ಲಿ ನಿಲ್ಲಿಸಿ. ಮಗು ಉಲ್ಲಾಸದಲ್ಲಿ ಏಳುತ್ತದೆ. ಆನಾ ಮದುವೆಯಾಗಲು ಒಪ್ಪಿದ ಹ್ಯಾನ್ಸ್‌ನ ಮೋಸ ಬಯಲಾಗುವ ಜಾಗದಲ್ಲಿ ಮಾತ್ರ ನಿಲ್ಲಿಸಬೇಡಿ. ಒಳ್ಳೆಯವನೆಂದು ನಂಬಿದವನು ಕೆಟ್ಟವನಾದ ಎಂಬ ಗೊಂದಲವನ್ನು ಹೊತ್ತು ಮಗು ಮಲಗಬೇಕಾಗುತ್ತದೆ.

2019ರ ಎರಡನೇ ಭಾಗ 103 ನಿಮಿಷ. ಉದ್ದ ಅಷ್ಟೇ, ಕಥೆ ಮಾತ್ರ ಹೆಚ್ಚು ತೊಡಕಿನದು. ಅಜ್ಜ ಕಟ್ಟಿಸಿದ ಅಣೆಕಟ್ಟು, ಅದರ ಹಿಂದಿನ ದ್ರೋಹ, ಕಾಡಿನ ಜನ, ಗಾಳಿ-ಬೆಂಕಿ-ನೀರು-ನೆಲದ ನಾಲ್ಕು ಶಕ್ತಿಗಳು, ನೆನಪನ್ನು ಹಿಡಿದಿಡುವ ಹಿಮನದಿ, ಇಷ್ಟನ್ನೂ ಹೆಣೆದುಕೊಳ್ಳಲು ಏಳೆಂಟು ವರ್ಷವಾದರೂ ಬೇಕು. ಚಿಕ್ಕ ಮಕ್ಕಳು ಚಿತ್ರಗಳನ್ನು ನೋಡುತ್ತಾರೆ, ಕಥೆ ಹಿಡಿಯುವುದಿಲ್ಲ. ಒಂದು ಗಂಟೆ ದಾಟಿದ ಮೇಲೆ ಮಾತಾಡುವ ಹಿಮದ ಗೊಂಬೆ ಓಲಾಫ್ ಆನಾಳ ತೋಳಿನಲ್ಲೇ ಹಿಮದ ಪುಡಿಯಾಗಿ ಹಾರಿಹೋಗುತ್ತಾನೆ. ಅವನನ್ನು ಪ್ರೀತಿಸುವ ಮಗು ಇಲ್ಲಿ ಬಿಕ್ಕಿಬಿಕ್ಕಿ ಅಳುತ್ತದೆ. ‘ಕೊನೆಗೆ ಓಲಾಫ್ ವಾಪಸ್ ಬರ್ತಾನೆ’ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುತೂಹಲ ಕೆಡುವುದಿಲ್ಲ. ಮಕ್ಕಳು ಒಂದೇ ಸಿನಿಮಾವನ್ನು ಇಪ್ಪತ್ತು ಸಲ ನೋಡುವವರು, ಮುಂದೇನು ಎಂದು ಗೊತ್ತಿರುವುದೇ ಅವರಿಗೆ ಧೈರ್ಯ.

ಮೂರನೇ ಭಾಗಕ್ಕೆ ಬೇಕಾದ ಕೊಂಡಿ ಎರಡನೆಯದರ ಕೊನೆಯಲ್ಲಿದೆ: ಆನಾ ಆರೆಂಡೆಲ್‌ನ ರಾಣಿ, ಎಲ್ಸಾ ಕಾಡಿನಲ್ಲಿ ಐದನೇ ಶಕ್ತಿಯಾಗಿ ಉಳಿದಿದ್ದಾಳೆ. ಮಗುವಿಗೆ ಈಗ ನಾಲ್ಕೋ ಐದೋ ಆಗಿದ್ದರೆ ಮೊದಲ ಭಾಗ ಮಾತ್ರ ತೋರಿಸಿ, ಎರಡನೆಯದನ್ನು 2027ರ ದಸರಾ ರಜೆಗೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಮಗುವೂ ದೊಡ್ಡದಾಗಿರುತ್ತದೆ, ಕಥೆಯೂ ಮನಸ್ಸಿನಲ್ಲಿ ಹಸಿಯಾಗಿರುತ್ತದೆ. ಕಾಯುವ ಕಾಲ ಉದ್ದ ಇರುವುದರಿಂದ ಆಗುವ ಲಾಭ ಇದು.

ಫ್ರೋಜನ್ ಬಿಟ್ಟರೆ

ಮೊದಲ ಸಿನಿಮಾ ನೋಡುವ ಮೂರು-ನಾಲ್ಕು ವರ್ಷದ ಮಗುವಿಗೆ 1950ರ ‘ಸಿಂಡ್ರೆಲಾ’. ಮಲತಾಯಿಯ ಕ್ರೂರತೆ ಇದೆ, ಅಕ್ಕಂದಿರು ಅವಳ ಉಡುಪನ್ನು ಹರಿದುಹಾಕುವ ಜಾಗ ನೋವು ಕೊಡುತ್ತದೆ, ಆದರೆ ಸಾವಿನ ಬೆದರಿಕೆ, ರಕ್ಕಸರು ಇಲ್ಲ. ಬಹುಪಾಲು ಹೊತ್ತು ಇಲಿ-ಬೆಕ್ಕಿನ ಆಟವೇ. ಮಾತು ಅರ್ಥವಾಗದ ಮಗುವೂ ನಗುತ್ತದೆ.

ಹಳೆಯದೆಲ್ಲ ಸೌಮ್ಯ ಎಂದುಕೊಂಡರೆ ತಪ್ಪಾಗುತ್ತದೆ. ‘ಸ್ನೋ ವೈಟ್’ 83 ನಿಮಿಷದ ಸಿನಿಮಾ, ಆದರೆ ಕಾಡಿನಲ್ಲಿ ಮರಗಳೇ ಕೈಚಾಚಿ ಹಿಡಿಯುವ ದೃಶ್ಯ ಮತ್ತು ರಾಣಿ ಮುದುಕಿಯಾಗಿ ಬದಲಾಗುವ ದೃಶ್ಯ ಇಂದಿನ ಮಕ್ಕಳನ್ನೂ ನಡುಗಿಸುತ್ತವೆ. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಅದಕ್ಕೆ ‘ಎ’ ಪ್ರಮಾಣಪತ್ರ ಕೊಟ್ಟಿತ್ತು. ಅಂದರೆ 16ರ ಒಳಗಿನವರು ದೊಡ್ಡವರ ಜೊತೆಯಲ್ಲೇ ಬರಬೇಕು ಎಂದು. 1959ರ ‘ಸ್ಲೀಪಿಂಗ್ ಬ್ಯೂಟಿ’ 75 ನಿಮಿಷ ಮಾತ್ರ, ಆದರೆ ರಾಜಕುಮಾರಿ ತೆರೆಯ ಮೇಲಿರುವುದು ಅದರಲ್ಲಿ ಸ್ವಲ್ಪವೇ ಹೊತ್ತು, ಕೊನೆಯಲ್ಲಿ ಬೆಂಕಿಯುಗುಳುವ ಡ್ರ್ಯಾಗನ್. ಚಿತ್ರ ಬಿಡಿಸುವ ಹುಚ್ಚಿರುವ ಹತ್ತು ವರ್ಷದವರಿಗೆ ಇದರ ಹಿನ್ನೆಲೆ ಚಿತ್ರಗಳೇ ಹಬ್ಬ. ಪುಟ್ಟ ಮಕ್ಕಳಿಗೆ ಬೇಡ.

ಫ್ರೋಜನ್ ಇಷ್ಟವಾದ, ಆದರೆ ಇನ್ನಷ್ಟು ನಗು ಬೇಕೆನ್ನುವ ಐದಾರು ವರ್ಷದವರಿಗೆ 2010ರ ‘ಟ್ಯಾಂಗಲ್ಡ್’ಗಿಂತ ಒಳ್ಳೆಯ ಆಯ್ಕೆ ಇಲ್ಲ ಎಂದು ನಮ್ಮ ಅಭಿಪ್ರಾಯ. 100 ನಿಮಿಷ, ಮಾತಿಲ್ಲದ ಕುದುರೆ ಮತ್ತು ಗೋಸುಂಬೆ ಅರ್ಧ ನಗು ಹೊತ್ತುಕೊಂಡಿವೆ. ತೊಂದರೆ ಇರುವುದು ನಾಯಕಿಯ ತಾಯಿಯಂತೆ ನಟಿಸುವ ಗೋಥೆಲ್‌ಳಲ್ಲಿ. ಅವಳು ಕಿರುಚುವ ರಾಕ್ಷಸಿಯಲ್ಲ. ಮುದ್ದು ಮಾಡುತ್ತಲೇ ಮಗಳನ್ನು ಹೀಯಾಳಿಸುವವಳು, ‘ನಿನ್ನ ಒಳ್ಳೆಯದಕ್ಕೇ’ ಎನ್ನುತ್ತಲೇ ಗೋಪುರದಲ್ಲಿ ಕೂಡಿಹಾಕಿದವಳು. ಚಿಕ್ಕ ಮಕ್ಕಳಿಗೆ ಇವಳು ಕೆಟ್ಟವಳೇ ಎಂಬುದು ಬಹಳ ಹೊತ್ತು ತಿಳಿಯುವುದಿಲ್ಲ. ದೊಡ್ಡ ಮಕ್ಕಳ ಜೊತೆ ಮಾತಾಡಲು ಇದೇ ಒಳ್ಳೆಯ ವಿಷಯ. ಕೊನೆಯ ಭಾಗದಲ್ಲಿ ಚೂರಿ ಇರಿತ ಇದೆ, ಗೋಥೆಲ್ ಕ್ಷಣದಲ್ಲಿ ಮುದುಕಿಯಾಗಿ ಕಿಟಕಿಯಿಂದ ಬಿದ್ದು ಬೂದಿಯಾಗುತ್ತಾಳೆ. ಎರಡು ದಿನ ಮಾಡಿ ನೋಡುವುದಾದರೆ, ಸರೋವರದ ಮೇಲೆ ಸಾವಿರಾರು ದೀಪಗಳು ತೇಲುವ ಹಾಡಿನ ಕೊನೆಗೆ ನಿಲ್ಲಿಸಿ. ಇನ್ನೆರಡು ನಿಮಿಷ ಬಿಟ್ಟರೆ ಮೋಸದ ದೃಶ್ಯ ಶುರುವಾಗುತ್ತದೆ, ಅಲ್ಲಿ ಟಿವಿ ಆರಿಸಿದರೆ ಮಗು ಕೋಪಿಸಿಕೊಳ್ಳುತ್ತದೆ.

ಪ್ರೇಮ-ಮದುವೆಯ ಕಥೆ ಸಾಕು ಎನ್ನುವ ಮನೆಗೆ 2016ರ ‘ಮೋವಾನಾ’. ನಾಯಕಿ ತಾನು ರಾಜಕುಮಾರಿಯಲ್ಲ, ದ್ವೀಪದ ಮುಖಂಡನ ಮಗಳು ಎಂದು ಸಿನಿಮಾದೊಳಗೇ ವಾದಿಸುತ್ತಾಳೆ. ಸಮುದ್ರ, ದೋಣಿ, ನಕ್ಷತ್ರ ನೋಡಿ ದಾರಿ ಹುಡುಕುವ ವಿದ್ಯೆ ಇದರ ಜೀವಾಳ. ಕಣ್ಣಿಗೆ ಕಾಣುವ ಭಯ ಇಲ್ಲಿ ಹೆಚ್ಚು: ಲಾವಾದ ರಕ್ಕಸಿ, ದೈತ್ಯ ಏಡಿ. ಅಜ್ಜಿಯ ಸಾವೂ ಇದೆ, ಆದರೆ ಅಜ್ಜಿ ಬೇರೆ ರೂಪದಲ್ಲಿ ಮರಳಿ ಬರುವುದರಿಂದ ಅದು ಸಮಾಧಾನ ಕೊಡುತ್ತದೆ. ಇತ್ತೀಚೆಗೆ ಅಜ್ಜಿ-ತಾತನನ್ನು ಕಳೆದುಕೊಂಡ ಮಗುವಿಗೆ ಇದನ್ನು ತೋರಿಸಬಹುದು, ಫ್ರೋಜನ್‌ನ ಹಡಗಿನ ದೃಶ್ಯಕ್ಕಿಂತ ಇದು ಮೃದು. ಸದ್ದಿಗೆ ಬೆಚ್ಚುವ ಮಗುವಾದರೆ ವಾಲ್ಯೂಮ್ ಇಳಿಸಿಯೇ ಶುರುಮಾಡಿ.

2012ರ ‘ಬ್ರೇವ್’ ಪಿಕ್ಸಾರ್‌ನದು, 93 ನಿಮಿಷ. ಬಿಲ್ಲು ಹಿಡಿದ ಮೆರಿಡಾಳ ಚಿತ್ರ ನೋಡಿ ಪುಟ್ಟ ಮಕ್ಕಳಿಗೆ ಹಾಕಿಕೊಡುವವರು ಬಹಳ, ಅಳಿಸುವುದೂ ಇದೇ. ಶುರುವಿನಲ್ಲೇ ಕರಡಿಯ ದಾಳಿ, ಅಪ್ಪನ ಕಾಲು ಹೋಗುತ್ತದೆ. ಮುಂದೆ ಅಮ್ಮನೇ ಕರಡಿಯಾಗುತ್ತಾಳೆ, ಆಗಾಗ ಅಮ್ಮನ ಗುರುತೇ ಅಳಿದು ಮಗಳ ಮೇಲೆ ಗುರ್ ಎನ್ನುತ್ತಾಳೆ. ಎರಡೂ ಬಗೆಯ ಭಯ ಒಂದೇ ಕಡೆ ಸೇರಿರುವ ಸಿನಿಮಾ ಇದು. ಎಂಟು ದಾಟಿದ, ಅಮ್ಮನ ಜೊತೆ ಜಗಳ ಶುರುಮಾಡಿದ ಹೆಣ್ಣುಮಗಳಿಗೆ ಮಾತ್ರ ಇದಕ್ಕಿಂತ ಹತ್ತಿರವಾಗುವ ಕಥೆ ಸಿಗುವುದು ಕಷ್ಟ. ಅಮ್ಮ ಮಗಳು ಇಬ್ಬರೇ ಕೂತು ನೋಡಲಿ.

ಇನ್ನು ಗಿಬ್ಲಿ. ಇಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ‘ಪ್ರಿನ್ಸೆಸ್ ಮೊನೊನೊಕೆ’ (1997) ಎಂಬ ಹೆಸರಲ್ಲಿ ರಾಜಕುಮಾರಿ ಇದ್ದಾಳೆ, ಕಾರ್ಟೂನೂ ಹೌದು, ಆದರೆ ಬಾಣ ತಗುಲಿ ಕೈ, ತಲೆ ಹಾರಿಹೋಗುವ ದೃಶ್ಯಗಳಿವೆ. ಹದಿಮೂರರ ಮೇಲಿನವರಿಗೆ ಅದ್ಭುತ ಸಿನಿಮಾ, ಆರು ವರ್ಷದವರಿಗೆ ಅಲ್ಲವೇ ಅಲ್ಲ. ಅದೇ ಸ್ಟುಡಿಯೋದ, ಇಸಾವೊ ತಕಾಹಾತಾ ನಿರ್ದೇಶಿಸಿದ ‘ರಾಜಕುಮಾರಿ ಕಗುಯಾ’ಳ ಕಥೆ (2013) ಬೇರೆಯದೇ ಬಗೆ: ಬಿದಿರ ಮೆಳೆಯಲ್ಲಿ ಸಿಕ್ಕ ಮಗು, ಜಲವರ್ಣದಲ್ಲಿ ಬರೆದಂಥ ಚಿತ್ರ, ನಿಧಾನದ ನಡೆ, 137 ನಿಮಿಷ, ಕಣ್ಣು ತುಂಬಿಸುವ ಕೊನೆ. ಓದುವ ಅಭ್ಯಾಸವಿರುವ ಹತ್ತು-ಹನ್ನೊಂದರ ಮಗುವಿಗೆ ಎರಡು ಸಂಜೆ ಮಾಡಿ ತೋರಿಸಿ.

ಕನ್ನಡದ ಪ್ರಶ್ನೆ

‘ಫ್ರೋಜನ್ 2’ ನಮ್ಮ ದೇಶದ ಥಿಯೇಟರುಗಳಿಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ತೆಲುಗಿನ ಎಲ್ಸಾಗೆ ದನಿ ಕೊಟ್ಟವರು ಬೆಂಗಳೂರಿನವರೇ ಆದ ನಿತ್ಯಾ ಮೆನನ್. ಕನ್ನಡದಲ್ಲಿ ಬರಲಿಲ್ಲ. ಇದೇ ಸಿನಿಮಾಕ್ಕೆ ಉತ್ತರ ಯುರೋಪಿನ ಮೂಲನಿವಾಸಿಗಳಾದ ಸಾಮಿ ಜನರ ಸಂಸ್ಕೃತಿಯನ್ನು ಬಳಸಿಕೊಂಡಿದ್ದರಿಂದ, ಅವರ ಪ್ರತಿನಿಧಿಗಳೊಡನೆ ಡಿಸ್ನಿ ಒಪ್ಪಂದ ಮಾಡಿಕೊಂಡು ಉತ್ತರ ಸಾಮಿ ಭಾಷೆಗೂ ಡಬ್ ಮಾಡಿತು. ಆ ಭಾಷೆ ಆಡುವವರು ಸುಮಾರು ಇಪ್ಪತ್ತು ಸಾವಿರ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4.37 ಕೋಟಿ. ಕನ್ನಡದ ಮಕ್ಕಳೂ ತಮ್ಮ ಮಾತಿನಲ್ಲಿ ಎಲ್ಸಾಳನ್ನು ಕೇಳಬೇಕು. 2027ಕ್ಕೆ ಇದಾಗಬೇಕಾದರೆ ಡಿಸ್ನಿಯನ್ನು ಒತ್ತಾಯಿಸುವ ಕೆಲಸ ಈಗಲೇ ಶುರುವಾಗಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದ್ದು ಒಂದಿದೆ. ಸಿನಿಮಾಕ್ಕೆ ಹಿಂದಿನ ರಾತ್ರಿ ಇಡೀ ಕಥೆಯನ್ನು ಹತ್ತು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿ. ‘ಅಕ್ಕ ಮುಟ್ಟಿದ್ದೆಲ್ಲ ಹಿಮ ಆಗ್ತಿತ್ತು. ತಂಗಿಗೆ ಪೆಟ್ಟಾಗಬಾರದು ಅಂತ ಬಾಗಿಲು ಹಾಕ್ಕೊಂಡಳು. ಯಾಕೆ ಅಂತ ತಂಗಿಗೆ ಗೊತ್ತಿರಲಿಲ್ಲ.’ ಯಾರು ದೊಡ್ಡವಳು, ಯಾರು ಚಿಕ್ಕವಳು ಎಂದು ಬೇರೆ ವಿವರಿಸಬೇಕಿಲ್ಲ, ಅಕ್ಕ-ತಂಗಿ ಎಂಬ ಮಾತಿನಲ್ಲೇ ಅದು ಬಂತು. ಹೀಗೆ ಕೇಳಿದ ಮಗು ಮರುದಿನ ಮಾತು ಅರ್ಧ ಅರ್ಥವಾಗದಿದ್ದರೂ ಕಥೆ ಬಿಡುವುದಿಲ್ಲ. ನಡುನಡುವೆ ನಿಲ್ಲಿಸಿ ಅನುವಾದ ಮಾಡಿದರೆ ಹಾಡಿನ ಓಟ ಕೆಟ್ಟು ಮಗು ಏಳುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ನಂಬಿ ಕೂರಬೇಡಿ, ಎಂಟು ವರ್ಷದ ಕೆಳಗಿನ ಮಕ್ಕಳಿಗೆ ಆ ವೇಗದಲ್ಲಿ ಓದಲಾಗದು. ಕೋಲಾರ, ಬಳ್ಳಾರಿ ಕಡೆಯ ಮನೆಗಳಲ್ಲಿ ಮಗುವಿಗೆ ತೆಲುಗು ಬರುತ್ತಿದ್ದರೆ ಆಡಿಯೋ ಪಟ್ಟಿಯಲ್ಲಿ ತೆಲುಗು ಇದೆಯೇ ಮೊದಲು ನೋಡಿ.

ಮನೆಯಲ್ಲಿ ನೋಡುವವರಿಗೆ

ಡಿಸ್ನಿ, ಪಿಕ್ಸಾರ್ ಸಿನಿಮಾಗಳು ಜಿಯೋಹಾಟ್‌ಸ್ಟಾರ್‌ನಲ್ಲಿ, ಗಿಬ್ಲಿಯವು ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತವೆ. ಎಲ್ಲಕ್ಕಿಂತ ಅಗ್ಗದ ಪ್ಲಾನ್ ತೆಗೆದುಕೊಳ್ಳುವ ಮೊದಲು ಎರಡು ವಿಷಯ ಓದಿ: ಅದು ಮೊಬೈಲಿಗೆ ಮಾತ್ರವೇ, ಹಾಲಿವುಡ್ ಸಿನಿಮಾ ಅದರಲ್ಲಿ ಸೇರಿದೆಯೇ. ಇದನ್ನು ನೋಡದೆ ಹಣ ಕಟ್ಟಿ, ಮಕ್ಕಳನ್ನು ಟಿವಿ ಮುಂದೆ ಕೂರಿಸಿದ ಮೇಲೆ ಪೇಚಾಡುವುದು ಬೇಡ. ವರ್ಷಕ್ಕೆ ನಾಲ್ಕೈದು ಸಿನಿಮಾ ಮಾತ್ರ ನೋಡುವ ಮನೆಯಾದರೆ, ರಜೆಯಲ್ಲಿ ಒಂದು ತಿಂಗಳಿಗೆ ಚಂದಾ ಕಟ್ಟಿ ಎಲ್ಲವನ್ನೂ ಅದರಲ್ಲೇ ಮುಗಿಸುವುದು ಲೇಸು.

ಹಳೆಯ, ಕೈಯಲ್ಲಿ ಬರೆದ ಸಿನಿಮಾಗಳನ್ನು ಹಾಕುವಾಗ ಟಿವಿಯ ಸೆಟ್ಟಿಂಗಿನಲ್ಲಿ ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನು ಆರಿಸಿಡಿ. ಸೋನಿಯಲ್ಲಿ ಅದಕ್ಕೆ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಎಂದು ಹೆಸರು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ, ಕೈಚಿತ್ರಗಳಲ್ಲಿ ಒಂದೇ ಚಿತ್ರವನ್ನು ಬಹಳ ಸಲ ಎರಡು ಚೌಕಟ್ಟಿಗೆ ಬಳಸಿರುತ್ತಾರೆ. ಟಿವಿ ತಾನೇ ನಡುವೆ ಚಿತ್ರಗಳನ್ನು ಊಹಿಸಿ ತುರುಕಿದಾಗ ಗೆರೆಗಳ ಅಂಚು ಕದಡುತ್ತದೆ, ಸಿಂಡ್ರೆಲಾಳ ಇಲಿಗಳು ಅಂಟಿನಲ್ಲಿ ನಡೆದಂತೆ ಕಾಣುತ್ತವೆ.

ಥಿಯೇಟರ್: ಟುಡಿ, ತ್ರೀಡಿ, ಐಮ್ಯಾಕ್ಸ್, ಅಥವಾ ಕಾಯುವುದು

ಮಗುವಿಗೆ ಆರು ತುಂಬಿಲ್ಲವಾದರೆ ಟುಡಿ ತೆಗೆದುಕೊಳ್ಳಿ, ಯೋಚನೆ ಬೇಡ. ತ್ರೀಡಿ ಕನ್ನಡಕವನ್ನು ದೊಡ್ಡವರ ಮುಖದ ಅಳತೆಗೆ ಮಾಡಿರುತ್ತಾರೆ. ಪುಟ್ಟ ಮೂಗಿನ ಮೇಲೆ ಅದು ನಿಲ್ಲದು, ಮಗು ಒಂದು ಕೈಯಲ್ಲಿ ಅದನ್ನೇ ಹಿಡಿದು ಕೂತಿರುತ್ತದೆ. ಇಪ್ಪತ್ತನೇ ನಿಮಿಷಕ್ಕೆ ತೆಗೆದಿಡುತ್ತದೆ, ಆಮೇಲೆ ಪರದೆಯ ಮೇಲೆ ಕಾಣುವುದು ಎರಡೆರಡಾಗಿ ಕದಡಿದ ಚಿತ್ರ. ಜೊತೆಗೆ ಪ್ರತಿ ಕಣ್ಣಿಗೂ ಬೆಳಕಿನ ಒಂದು ಪಾಲು ಮಾತ್ರ ತಲುಪುವುದರಿಂದ ತ್ರೀಡಿ ಚಿತ್ರ ಮಬ್ಬಾಗುತ್ತದೆ. ಎರಡನೇ ಭಾಗದಲ್ಲಿ ಎಲ್ಸಾ ರಾತ್ರಿಯ ಸಮುದ್ರದಲ್ಲಿ ನೀರಿನ ಕುದುರೆಯೊಡನೆ ಸೆಣಸುವಂಥ ದೃಶ್ಯಗಳು ಇದರಿಂದ ಸೊರಗುತ್ತವೆ. ಎಂಟು ದಾಟಿದವರಿಗೆ ತ್ರೀಡಿ ಒಮ್ಮೆ ತೋರಿಸಬಹುದು. ಕನ್ನಡಕಕ್ಕೆ ಹಿಂದಿನಿಂದ ಕಟ್ಟಲು ಒಂದು ತೆಳು ಎಲಾಸ್ಟಿಕ್ ಒಯ್ಯಿರಿ.

ಐಮ್ಯಾಕ್ಸ್‌ನ ಲಾಭ ದೊಡ್ಡ ಪರದೆ, ತೊಂದರೆ ಅದರ ಸದ್ದು. ಬೆಂಗಳೂರಿನಲ್ಲಿ ಕೋರಮಂಗಲ, ಬನ್ನೇರುಘಟ್ಟ ರಸ್ತೆಯಂಥ ಕಡೆ ಇದೆ. ಮೊದಲ ಸಲ ಥಿಯೇಟರಿಗೆ ಬರುವ ಮಗುವನ್ನು ನೇರವಾಗಿ ಅಲ್ಲಿಗೆ ಒಯ್ಯಬೇಡಿ. ಬೇರೆ ಊರಿನಿಂದ ಇದಕ್ಕೆಂದೇ ಬರುವಷ್ಟು ಹೆಚ್ಚಿನ ಸುಖವೂ ಚಿಕ್ಕವರಿಗೆ ಅದರಲ್ಲಿಲ್ಲ.

ಖರ್ಚಿನ ಲೆಕ್ಕ: 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿಯವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ 5%, ಅದಕ್ಕಿಂತ ಹೆಚ್ಚಿನದಕ್ಕೆ 18%. ಅಂದರೆ 100 ರೂಪಾಯಿಯ ಟಿಕೆಟ್ ನಾಲ್ಕು ಜನಕ್ಕೆ 420, 250 ರೂಪಾಯಿಯದಾದರೆ 1,180. ಆನ್‌ಲೈನ್ ಬುಕಿಂಗ್ ಶುಲ್ಕ, ತಿಂಡಿ ಬೇರೆ. ಮೂರು ವರ್ಷ ದಾಟಿದ ಮಗುವಿಗೆ ಮಲ್ಟಿಪ್ಲೆಕ್ಸುಗಳಲ್ಲಿ ಸಾಮಾನ್ಯವಾಗಿ ಪೂರ್ತಿ ಟಿಕೆಟ್ ಬೇಕು. ಕೈ ಬಿಗಿ ಇದ್ದರೆ ಊರಿನ ಒಂಟಿ ಪರದೆಯ ಥಿಯೇಟರಿನಲ್ಲಿ ಬರುತ್ತದೆಯೇ ವಿಚಾರಿಸಿ, ಅಥವಾ ವಾರದ ನಡುವಿನ ಬೆಳಗಿನ ಆಟ ನೋಡಿ.

ಕಾಯುವುದಾದರೆ ಎಷ್ಟು? ‘ಮೋವಾನಾ 2’ ಅಮೆರಿಕದ ಥಿಯೇಟರುಗಳಿಗೆ 2024ರ ನವೆಂಬರ್ 27ಕ್ಕೆ ಬಂದು, ಡಿಸ್ನಿಯ ಸ್ಟ್ರೀಮಿಂಗ್‌ಗೆ 2025ರ ಮಾರ್ಚ್ 12ಕ್ಕೆ ಬಂತು. ಮೂರೂವರೆ ತಿಂಗಳು. ಫ್ರೋಜನ್‌ಗೂ ಅದೇ ಲೆಕ್ಕ ಹಿಡಿದರೆ ಮನೆಗೆ ಬರುವಾಗ ಶಾಲೆಯ ಪರೀಕ್ಷೆಗಳ ಕಾಲ. ಮಗುವಿಗೆ ಐದಕ್ಕಿಂತ ಕಡಿಮೆಯಾದರೆ, ಅಥವಾ ಕತ್ತಲಿಗೆ ಹೆದರುವುದಾದರೆ, ಕಾಯುವುದೇ ಸರಿ. ಮನೆಯಲ್ಲಿ ನಿಲ್ಲಿಸಬಹುದು, ದೀಪ ಹಾಕಬಹುದು. ಏಳೆಂಟರ ಮಗು ತರಗತಿಯ ಗೆಳತಿಯರೆಲ್ಲ ನೋಡಿ ಬಂದ ಮೇಲೆ ಮೂರೂವರೆ ತಿಂಗಳು ತಡೆಯಲಾರದು. ಅದಕ್ಕೆ ಥಿಯೇಟರಿನ ಖರ್ಚು ಸಾರ್ಥಕ.

ಹೋಗುವುದಾದರೆ ಬೆಳಗಿನ ಆಟ ಒಳ್ಳೆಯದು. ಮಧ್ಯಾಹ್ನ ಒಂದರಿಂದ ಮೂರು ಪುಟ್ಟ ಮಕ್ಕಳ ನಿದ್ದೆಯ ಹೊತ್ತು. ಹಿಂದಿನಿಂದ ಮೂರನೇ-ನಾಲ್ಕನೇ ಸಾಲು, ದಾರಿಯ ಪಕ್ಕದ ಸೀಟು ಹಿಡಿಯಿರಿ. ಮುಂದೆ ಕೂತವರ ತಲೆ ಅಡ್ಡ ಬಾರದು, ಎದ್ದು ಹೋಗಬೇಕಾದರೆ ಯಾರ ಕಾಲನ್ನೂ ದಾಟಬೇಕಿಲ್ಲ. ಹಗುರ ಮಗು ಕೂತರೆ ಮಡಚಿಕೊಳ್ಳುವ ಸೀಟುಗಳಿರುತ್ತವೆ, ಮಗುವಿಗಿಡುವ ಎತ್ತರದ ಕುಶನ್ ಇದ್ದರೆ ಒಳಗೆ ಹೋಗುವಾಗಲೇ ಸಿಬ್ಬಂದಿಯಿಂದ ಕೇಳಿ ಪಡೆಯಿರಿ. ಎಸಿ ತಣ್ಣಗಿರುವುದರಿಂದ ಒಂದು ಸ್ವೆಟರ್ ಚೀಲದಲ್ಲಿರಲಿ. ಇಂಟರ್ವಲ್ಲಿನಲ್ಲಿ ಮೊದಲು ಶೌಚಾಲಯ, ಆಮೇಲೆ ಪಾಪ್‌ಕಾರ್ನ್.